ಕಿವಿಯ ನರ ಸುಮ್ಮನಾದರೆ ಮಿದುಳಿನೊಳಗೆ ಏನಾಗುತ್ತದೆ?

ಕೋಳಿಮೊಟ್ಟೆ ಒಡೆದು ಮರಿ ಹೊರಬರಲು 21 ದಿನ ಕಾವು ಬೇಕು. ಇಟಲಿಯ ವಿಜ್ಞಾನಿ ರೀಟಾ ಲೆವಿ-ಮೊಂಟಾಲ್ಚಿನಿ ಆ 21 ದಿನಗಳ ಒಳಗೇ ಒಂದು ಪ್ರಯೋಗ ಮಾಡಿದರು. ಭ್ರೂಣದಲ್ಲಿ ಮುಂದೆ ಒಳಕಿವಿ ಆಗಬೇಕಿದ್ದ ಪುಟ್ಟ ಚೀಲವನ್ನು ತೆಗೆದುಹಾಕಿದರು. ಮಿದುಳನ್ನು ಮುಟ್ಟಲಿಲ್ಲ. ಕಿವಿಯೇ ಇಲ್ಲದಿದ್ದರೆ, ಕಿವಿಯ ಸುದ್ದಿಗೆ ಕಾಯುವ ಮಿದುಳಿನ ಭಾಗ ಹೇಗೆ ಬೆಳೆಯುತ್ತದೆ ಅಂತ ನೋಡಬೇಕಿತ್ತು.

ಹನ್ನೊಂದನೇ ದಿನದವರೆಗೆ ಎಲ್ಲ ಸರಿಯಾಗೇ ಇತ್ತು. ನರಕೋಶಗಳು ಹುಟ್ಟಿದವು, ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಆಮೇಲೆ ಸಾಯತೊಡಗಿದವು. ಕಿವಿಯ ನರ ಬಂದು ಸೇರಿ ಕೆಲಸ ಶುರು ಮಾಡುವುದೂ ಸುಮಾರು ಅದೇ ಹೊತ್ತಿಗೆ. ಈ ವರದಿ ಪ್ರಕಟವಾದದ್ದು 1949ರಲ್ಲಿ. ಅವರಿಗೆ 1986ರಲ್ಲಿ ನೊಬೆಲ್ ಬಂದದ್ದು ಬೇರೆ ಕೆಲಸಕ್ಕೆ. ಆದರೆ ಕಿವುಡಿನ ಬಗ್ಗೆ ಓದುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಮೊಟ್ಟೆಗಳೇ.

ನಾವು ಕಿವಿಯನ್ನು ಮದುವೆ ಮನೆಯ ಮೈಕಿನ ಹಾಗೆ ಅಂದುಕೊಳ್ಳುತ್ತೇವೆ. ಮೈಕ್ ಕೆಟ್ಟರೆ ವೈರಿಗೆ, ಆಂಪ್ಲಿಫೈಯರ್‌ಗೆ ಏನೂ ಆಗುವುದಿಲ್ಲ. ಬೇರೆ ಮೈಕ್ ಸಿಕ್ಕಿಸಿದರೆ ಆಯಿತು. ಮಿದುಳು ಹಾಗಿಲ್ಲ.

ಅಮೆರಿಕದ ಎಡ್ವಿನ್ ರೂಬೆಲ್ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ಇದನ್ನು ಗಂಟೆ ಗಂಟೆಗೂ ನೋಡಿದರು. ಮರಿಕೋಳಿಯ ಒಳಕಿವಿ ತೆಗೆದ ಅರ್ಧ ಗಂಟೆಯೊಳಗೇ ಮಿದುಳಿನ ಕೋಶಗಳಲ್ಲಿ ಪ್ರೋಟೀನ್ ತಯಾರಿ ಇಳಿಯುತ್ತಿತ್ತು. ಎರಡು ದಿನದಲ್ಲಿ, ಕಿವಿಯ ನರ ನೇರವಾಗಿ ಬಂದು ಸೇರುವ ಒಂದು ಗುಂಪಿನಲ್ಲಿ ನೂರಕ್ಕೆ ಸುಮಾರು 30 ಕೋಶಗಳು ಹೋಗಿಬಿಡುತ್ತಿದ್ದವು.

ಅವುಗಳಿಗೆ ಬೇಕಾಗಿದ್ದದ್ದು ಸದ್ದೇ? ಇಲ್ಲಿ ಒಂದು ಸೂಕ್ಷ್ಮ ಇದೆ. ಮಧ್ಯಕಿವಿಯ ಮೂಳೆಯನ್ನಷ್ಟೇ ತೆಗೆದು ಸದ್ದು ಒಳಹೋಗುವುದನ್ನು ತಗ್ಗಿಸಿದಾಗ ಕೋಶಗಳು ಸಾಯಲಿಲ್ಲ. ಕಿವಿಯನ್ನು ಹಾಗೇ ಬಿಟ್ಟು, ಪಫರ್ ಮೀನಿನ ವಿಷದಿಂದ ನರದ ಮಿಡಿತ ನಿಲ್ಲಿಸಿದಾಗ ಮಾತ್ರ ಕೆಲವೇ ಗಂಟೆಗಳಲ್ಲಿ ಸೊರಗಿದವು. ಗವ್ವೆನ್ನುವ ಮೌನದಲ್ಲೂ ಕಿವಿಯ ನರ ತನ್ನಷ್ಟಕ್ಕೆ ಮಿಡಿಯುತ್ತಲೇ ಇರುತ್ತದೆ. ಆ ಮಿಡಿತವೇ ಮಿದುಳಿನ ಕೋಶಕ್ಕೆ ಅನ್ನ.

ಆದರೆ ಇದೆಲ್ಲ ಎಳೆಯ ವಯಸ್ಸಿನ ಮಾತು. ಐದು ದಿನದ ಇಲಿಮರಿಯ ಒಳಕಿವಿ ತೆಗೆದರೆ ಮಿದುಳಿನ ಆ ಭಾಗದ ಅರ್ಧಕ್ಕಿಂತ ಜಾಸ್ತಿ ಕೋಶಗಳು ಸಾಯುತ್ತವೆ. ಅದೇ 14 ದಿನ ಕಳೆದ ಮರಿಯಲ್ಲಿ ಹೆಚ್ಚುಕಡಿಮೆ ಒಂದೂ ಸಾಯುವುದಿಲ್ಲ. ನಡುವೆ ಇರುವುದು ಬರೀ ಒಂಬತ್ತು ದಿನ! ಸಾಯದೆ ಉಳಿಯುವುದು ಅಂದರೆ ಚೆನ್ನಾಗಿರುವುದು ಅಂತಲೂ ಅಲ್ಲ. ದೊಡ್ಡ ಪ್ರಾಣಿಯ ಕೋಶಗಳೂ ಕುಗ್ಗುತ್ತವೆ, ಅವುಗಳ ನಡುವಿನ ಬೆಸುಗೆ ಬದಲಾಗುತ್ತದೆ.

ಆ ಬೆಸುಗೆಯನ್ನು ಹತ್ತಿರದಿಂದ ನೋಡಬೇಕು. ಕಿವಿಯ ನರದ ತುದಿ ಮಿದುಳಿನ ಕೆಲವು ಕೋಶಗಳನ್ನು ಮುಟ್ಟಿ ಸುಮ್ನೆ ಬಿಡುವುದಿಲ್ಲ. ಬೆರಳು ಅಗಲಿಸಿ ನಿಂಬೆಹಣ್ಣು ಹಿಡಿದ ಹಾಗೆ ಸುತ್ತಲೂ ತಬ್ಬಿಕೊಳ್ಳುತ್ತದೆ. ಜರ್ಮನಿಯ ಹಾನ್ಸ್ ಹೆಲ್ಡ್ 1893ರಲ್ಲೇ ಇದನ್ನು ವಿವರಿಸಿದ್ದರು. ಸದ್ದು ಯಾವ ಕ್ಷಣಕ್ಕೆ ಬಂತು ಅನ್ನುವುದನ್ನು ಕೂದಲೆಳೆಯಷ್ಟೂ ತಪ್ಪದೆ ದಾಟಿಸಬೇಕಲ್ಲ, ಅದಕ್ಕೇ ಈ ಬಿಗಿ ಹಿಡಿತ. ಹುಟ್ಟು ಕಿವುಡಿನ ಬಿಳಿ ಬೆಕ್ಕುಗಳಲ್ಲಿ ಈ ಹಿಡಿತದ ರೂಪವೇ ಕೆಟ್ಟಿರುವುದನ್ನು ಡೇವಿಡ್ ರ್ಯೂಗೋ ತಂಡ ಕಂಡಿತು. ಅಂಥ ಮರಿಗಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಯಲ್ಲಿ ಕೂರಿಸಿ, ಕಿವಿಯ ನರವನ್ನು ನೇರವಾಗಿ ವಿದ್ಯುತ್ತಿನಿಂದ ಮಿಡಿಸುವ ಸಾಧನ) ಹಾಕಿ ಕೆಲವು ತಿಂಗಳು ಸದ್ದು ಕೇಳಿಸಿದಾಗ ಬೆಸುಗೆ ಬಹುಮಟ್ಟಿಗೆ ಸರಿಹೋಯಿತು. ಇದು 2005ರ ಮಾತು. ಇಷ್ಟೆಲ್ಲ ಕೆಟ್ಟದ್ದರ ನಡುವೆ ಮನಸ್ಸಿಗೆ ಹಿತ ಕೊಡುವ ಸುದ್ದಿ, ಅಲ್ವಾ?

ಮಕ್ಕಳ ವಿಷಯದಲ್ಲಿ ಅನು ಶರ್ಮಾ ಮತ್ತು ಜೊತೆಗಾರರು 2002ರಲ್ಲಿ ಹೇಳಿದ್ದನ್ನು ಇಲ್ಲಿಟ್ಟು ನೋಡಿ. ಹುಟ್ಟು ಕಿವುಡಿನ 104 ಮಕ್ಕಳು. ಎಲ್ಲರಿಗೂ ಇಂಪ್ಲಾಂಟ್ ಆಗಿತ್ತು, ಆಗಿದ್ದ ವಯಸ್ಸು ಮಾತ್ರ ಬೇರೆ ಬೇರೆ. ಮೂರೂವರೆ ವರ್ಷದೊಳಗೆ ಆದವರಲ್ಲಿ ಸದ್ದಿಗೆ ಮಿದುಳು ಓಗೊಡುವ ವೇಗ ಕೇಳಿಸುವ ಮಕ್ಕಳ ಮಟ್ಟಕ್ಕೆ ಬಂತು. ಏಳು ದಾಟಿದವರಲ್ಲಿ ಹಿಂದೆಯೇ ಉಳಿಯಿತು.

ನಮ್ಮ ಮನೆಗಳಲ್ಲಿ ಇನ್ನೂ ಕೇಳುವ ಮಾತೊಂದಿದೆ: "ಬಿಡಿ, ಅವರಪ್ಪನಿಗೂ ಮಾತು ತಡವಾಗೇ ಬಂದಿದ್ದು." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹಾಗೆ ಕಾಯುವ ಒಂದೊಂದು ವರ್ಷವೂ ಆ ಮೂರೂವರೆಯೊಳಗಿಂದಲೇ ಹೋಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಊರವರ ಬಾಯಲ್ಲಿ ಅದು 'ಸ್ಪೀಚ್ ಅಂಡ್ ಹಿಯರಿಂಗ್'. ಹಸುಗೂಸಿನ ಕಿವಿ ಪರೀಕ್ಷೆ ಅಂಥ ಕಡೆ ಮಗು ಮಲಗಿರುವಾಗಲೇ ಮುಗಿದುಹೋಗುತ್ತದೆ. ಸೂಜಿ ಇಲ್ಲ, ನೋವಿಲ್ಲ. ಕೇಳಿಸುವುದಿಲ್ಲ ಅಂತ ಗೊತ್ತಾದ ಮಗುವಿಗೆ ಸನ್ನೆ ಭಾಷೆಯೂ ಪೂರ್ತಿ ಭಾಷೆಯೇ, ಅದನ್ನೂ ತಡಮಾಡದೆ ಕಲಿಸಬಹುದು.

ದೊಡ್ಡವರ ಕಥೆ ಬೇರೆ. 2009ರಲ್ಲಿ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಿಗೆ ಎರಡು ಗಂಟೆ 100 ಡೆಸಿಬಲ್ ಸದ್ದು ಕೇಳಿಸಿದರು. ಕೆಲವು ದಿನಗಳಲ್ಲಿ ಕಿವಿ ಸರಿಹೋಯಿತು, ಪರೀಕ್ಷೆಯಲ್ಲಿ ಪಾಸಾಯಿತು. ಒಳಗೆ ನೋಡಿದರೆ, ಕೆಲವು ಜಾಗಗಳಲ್ಲಿ ನರದ ಬೆಸುಗೆಗಳು ಅರ್ಧದಷ್ಟು ಹೋಗಿದ್ದವು! ಹೀಗೆ ಕಿವಿಯಿಂದ ಬರುವ ಸುದ್ದಿ ತೆಳುವಾದಾಗ ಮಿದುಳು ಕೈಕಟ್ಟಿ ಕೂರುವುದಿಲ್ಲ. ಕೋಶಗಳನ್ನು ತಡೆಹಿಡಿಯುವ ಸಂಕೇತ ಕಡಿಮೆಯಾಗಿ, ಒಳಗಿನ ವಾಲ್ಯೂಮ್ ಏರುತ್ತದೆ. ಕಿವಿಯಲ್ಲಿ ಗುಂಯ್ ಅನ್ನುವುದಕ್ಕೂ ಇದೇ ಒಂದು ಕಾರಣ ಅಂತ ಹಲವು ಸಂಶೋಧಕರ ನಂಬಿಕೆ.

ನನ್ನ ದೊಡ್ಡಮ್ಮ ಕಿವಿಗೆ ಮಷಿನ್ ಹಾಕಿಸಿಕೊಂಡ ಮೊದಲ ವಾರ ತಟ್ಟೆ ಇಟ್ಟ ಸದ್ದಿಗೇ ಬೆಚ್ಚಿಬೀಳುತ್ತಿದ್ದರು. "ಸದ್ದೆಲ್ಲ ಬರುತ್ತೆ, ಮಾತು ಮಾತ್ರ ತಿಳಿಯಲ್ಲ" ಅಂತ ಬೀರುವಿನಲ್ಲಿಟ್ಟರು. ಮಷಿನ್ ಕೆಟ್ಟಿದೆ ಅಂದುಕೊಂಡೆವು. ಎಷ್ಟೋ ವರ್ಷ ಕಡಿಮೆ ಸುದ್ದಿಗೆ ಒಗ್ಗಿಹೋದ ಮಿದುಳು ಅದು, ಹೊಸದಕ್ಕೆ ಹೊಂದಿಕೊಳ್ಳಲು ತಿಂಗಳುಗಳೇ ಬೇಕು ಅಂತ ಆಡಿಯಾಲಜಿಸ್ಟ್ ಆಮೇಲೆ ಬಿಡಿಸಿ ಹೇಳಿದರು. ಮೊದಲು ಮನೆಯೊಳಗೆ, ಒಬ್ಬರ ಜೊತೆ ಮಾತಾಡುವಾಗ, ದಿನಕ್ಕೆ ಒಂದೆರಡು ಗಂಟೆ. ಆಮೇಲೆ ನಿಧಾನವಾಗಿ ಜಾಸ್ತಿ.

ಈಗ ಸಂಜೆ ಫೋನ್ ಮಾಡುವಾಗ ಹಾಕಿಕೊಂಡಿರುತ್ತಾರೆ. ಮೊನ್ನೆ ನಾನಿನ್ನೂ ಎರಡು ಮಾತಾಡಿದ್ದೆ ಅಷ್ಟೇ, "ಏನೋ, ಶೀತ ಆಗಿದೆಯಾ? ದನಿ ಕಟ್ಟಿದೆಯಲ್ಲ" ಅಂದರು.