ಫೋನಿನೊಳಗಿನ ಭಾಷಾ ಮಾದರಿ ಮತ್ತು ಮೆಮೊರಿಯ ಇಕ್ಕಟ್ಟು

ಮೊಬೈಲ್ ಫೋನಿಗೆ ಕೃತಕ ಬುದ್ಧಿಮತ್ತೆ ಹೊಸತೇನಲ್ಲ. ಕ್ಯಾಮೆರಾ ಮುಖ ಗುರುತಿಸುವುದು, ಕರೆದ ಕೂಡಲೇ ಫೋನು ಎಚ್ಚರಗೊಳ್ಳುವುದು ಮೊದಲಾದವು ಇಂಟರ್‌ನೆಟ್ಟಿನ ಹಂಗಿಲ್ಲದೆ ಸಾಧನದೊಳಗೇ ನಡೆಯುತ್ತ ಬಂದಿವೆ. ಆದರೆ ತಾನೇ ವಾಕ್ಯ ರಚಿಸುವ ಜನರೇಟಿವ್ ಎಐ ಅದೇ ಫೋನಿನೊಳಗೆ ಕಾಲಿಟ್ಟ ಮೇಲೆ ಚಿಪ್ ವಿನ್ಯಾಸಕರ ಚಿಂತೆಯ ದಿಕ್ಕೇ ಬದಲಾಯಿತು. ಎಷ್ಟು ವೇಗವಾಗಿ ಗುಣಿಸಬಹುದು ಎಂಬುದಕ್ಕಿಂತ, ಗುಣಿಸಬೇಕಾದ ಸಂಖ್ಯೆಗಳನ್ನು ಎಷ್ಟು ವೇಗವಾಗಿ ಮೆಮೊರಿಯಿಂದ ಹೊತ್ತು ತರಬಹುದು ಎಂಬುದೇ ಮುಖ್ಯವಾಯಿತು.

ಚಿತ್ರ ಗುರುತಿಸುವ ಜಾಲವು ತಾನು ಕಲಿತ ಸಂಖ್ಯೆಗಳನ್ನು, ಅಂದರೆ ಪ್ಯಾರಾಮೀಟರ್‌ಗಳನ್ನು, ಒಮ್ಮೆ ಮೆಮೊರಿಯಿಂದ ತಂದುಕೊಂಡು ಚಿತ್ರದ ಉದ್ದಗಲಕ್ಕೂ ಮತ್ತೆ ಮತ್ತೆ ಬಳಸುತ್ತದೆ. ವಾಕ್ಯ ರಚಿಸುವ ಭಾಷಾ ಮಾದರಿಯಾದರೋ ಉತ್ತರವನ್ನು ಟೋಕನ್ ಎಂಬ ತುಣುಕುಗಳಾಗಿ ಒಂದಾದ ಮೇಲೊಂದರಂತೆ ಬರೆಯುತ್ತದೆ. ಒಂದೊಂದು ಟೋಕನ್ನಿಗೂ ಸಾಮಾನ್ಯವಾಗಿ ಮಾದರಿಯ ಅಷ್ಟೂ ಪ್ಯಾರಾಮೀಟರ್‌ಗಳನ್ನು ಹೊಸದಾಗಿ ಓದಬೇಕಾಗುತ್ತದೆ. 700 ಕೋಟಿ ಪ್ಯಾರಾಮೀಟರ್‌ಗಳನ್ನು ತಲಾ 16 ಬಿಟ್‌ಗಳಲ್ಲಿ ಇಟ್ಟರೆ 14 ಗಿಗಾಬೈಟ್ ಆಗುತ್ತದೆ. 8 ಗಿಗಾಬೈಟ್ ರ‍್ಯಾಮ್ ಇರುವ ಫೋನಿನಲ್ಲಿ ಅದು ಹಿಡಿಸುವುದೇ ಇಲ್ಲ. ಹಿಡಿಸಿತೆಂದೇ ಇಟ್ಟುಕೊಂಡರೂ, ಸೆಕೆಂಡಿಗೆ ಸುಮಾರು 68 ಗಿಗಾಬೈಟ್ ಸಾಗಿಸಬಲ್ಲ ಮೆಮೊರಿಯಿಂದ ಐದು ಟೋಕನ್ ಕೂಡ ಹೊರಡದು. ಒಲೆ ಎಷ್ಟೇ ಧಗಧಗಿಸಿದರೂ ಉಗ್ರಾಣದಿಂದ ಅಕ್ಕಿ ಬರುವುದು ತಡವಾದರೆ ಅಡುಗೆಯೂ ತಡವೇ. ಬ್ಯಾಟರಿಯ ಲೆಕ್ಕವೂ ಇದಕ್ಕೆ ಸೇರಿಕೊಳ್ಳುತ್ತದೆ. ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಮುಂದಿಟ್ಟ ಅಂದಾಜಿನಂತೆ, 45 ನ್ಯಾನೋಮೀಟರ್ ತಂತ್ರಜ್ಞಾನದ ಚಿಪ್ಪಿನಲ್ಲಿ 32 ಬಿಟ್‌ನ ದಶಮಾಂಶ ಸಂಖ್ಯೆಗಳ ಒಂದು ಸಂಕಲನಕ್ಕೆ 0.9 ಪಿಕೋಜೂಲ್ ಶಕ್ತಿ ಸಾಕಾದರೆ, ಅಷ್ಟೇ ದತ್ತಾಂಶವನ್ನು ಚಿಪ್ಪಿನ ಹೊರಗಿರುವ ಮೆಮೊರಿಯಾದ ಡಿರ‍್ಯಾಮ್‌ನಿಂದ ಓದಲು 640 ಪಿಕೋಜೂಲ್ ಬೇಕು.

ಹೀಗಾಗಿ ಸಂಖ್ಯೆಗಳನ್ನೇ ಕಿರಿದು ಮಾಡುವುದು ಮೊದಲ ಉಪಾಯವಾಯಿತು. ಬಲ್ಗೇರಿಯದ ಗಿಯೋರ್ಗಿ ಗೆರ್ಗಾನೊವ್ 2023ರ ಮಾರ್ಚ್‌ನಲ್ಲಿ ಹೊರತಂದ ಲಾಮಾ.ಸಿಪಿಪಿ ಎಂಬ ಮುಕ್ತ ತಂತ್ರಾಂಶದ ಒಂದು ವಿಧಾನವನ್ನು ನೋಡಬಹುದು. ಪ್ಯಾರಾಮೀಟರ್‌ಗಳನ್ನು 32ರ ಗುಂಪುಗಳಾಗಿ ಕಟ್ಟಿ, ಪ್ರತಿ ಗುಂಪಿಗೂ 16 ಬಿಟ್‌ನ ಒಂದು ಅಳತೆಯನ್ನು ಕೊಟ್ಟು, ಒಳಗಿನ ಪ್ರತಿ ಸಂಖ್ಯೆಯನ್ನು ನಾಲ್ಕು ಬಿಟ್‌ಗಳಲ್ಲಿ ಹಿಡಿಸುವ ಹದಿನಾರು ಮೆಟ್ಟಿಲುಗಳಲ್ಲಿ ಹತ್ತಿರದ್ದಕ್ಕೆ ಇಳಿಸಿದರೆ, ಒಂದು ಪ್ಯಾರಾಮೀಟರ್‌ಗೆ ನಾಲ್ಕೂವರೆ ಬಿಟ್ ಸಾಕು. 14 ಗಿಗಾಬೈಟ್ ನಾಲ್ಕರ ಆಸುಪಾಸಿಗೆ ಇಳಿಯುತ್ತದೆ. ಮಾದರಿಯ ಜಾಣ್ಮೆ ಸ್ವಲ್ಪ ಮಂಕಾಗುತ್ತದೆ, ಆದರೆ ಉಪಯೋಗಕ್ಕೆ ಬಾರದಷ್ಟಲ್ಲ. ಮಾದರಿಗಳೂ ಚಿಕ್ಕದಾದವು: 2024ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ 380 ಕೋಟಿ ಪ್ಯಾರಾಮೀಟರ್‌ಗಳ ಫೈ-3-ಮಿನಿ, 4 ಬಿಟ್‌ಗೆ ಇಳಿದು ಸುಮಾರು 1.8 ಗಿಗಾಬೈಟ್ ಆಗಿ, ಐಫೋನ್ 14ರಲ್ಲಿ ಇಂಟರ್‌ನೆಟ್ ಇಲ್ಲದೆಯೇ ಸೆಕೆಂಡಿಗೆ 12ಕ್ಕಿಂತ ಹೆಚ್ಚು ಟೋಕನ್‌ಗಳನ್ನು ಬರೆಯಿತು.

ಇಂಗ್ಲಿಷ್ ಓದುಗನಿಗೆ ಈ ವೇಗ ಧಾರಾಳವಾಗಿ ಸಾಲುತ್ತದೆ. ಕನ್ನಡಕ್ಕೆ ಸಾಲುವುದೇ ಎಂಬುದು ಬೇರೆ ಪ್ರಶ್ನೆ, ಮತ್ತು ನಮಗೆ ಮುಖ್ಯವಾದದ್ದು ಅದೇ. ‘ಮಳೆ’ ಎಂಬ ಪದ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ಗೆ ಅದು ಮ, ಳ ಮತ್ತು ಎ-ಕಾರದ ಚಿಹ್ನೆ ಸೇರಿ ಮೂರು ಸಂಕೇತ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ತಲಾ ಮೂರರಂತೆ ಒಂಬತ್ತು ಬೈಟ್. ಮಾದರಿಯ ಪದಕೋಶದಲ್ಲಿ, ಅಂದರೆ ಅದು ಬಲ್ಲ ಟೋಕನ್‌ಗಳ ಪಟ್ಟಿಯಲ್ಲಿ, ಕನ್ನಡದ ತುಣುಕುಗಳು ಇಲ್ಲದಿದ್ದರೆ ಈ ಒಂದು ಪದಕ್ಕೇ ಒಂಬತ್ತು ಟೋಕನ್‌ಗಳು ತಗಲಬಹುದು. ಆಗ ಸೆಕೆಂಡಿಗೆ 12 ಟೋಕನ್ ಎಂದರೆ ಸೆಕೆಂಡಿಗೆ ಒಂದು ಪದಕ್ಕಿಂತ ತುಸು ಹೆಚ್ಚು, ಅಷ್ಟೇ. ದೊಡ್ಡ ಸರ್ವರ್‌ಗಳಲ್ಲಿ ಈ ಹೊರೆ ಅಷ್ಟಾಗಿ ಕಾಣದೆ ಹೋಗಬಹುದು, ಅಂಗೈಯಲ್ಲಿರುವ ಸಾಧನದಲ್ಲಿ ಅದು ಎದ್ದು ಕಾಣುತ್ತದೆ.

ಪದಕೋಶವನ್ನು ಹಿಗ್ಗಿಸುವುದು ಒಂದು ಪರಿಹಾರ. ಗೂಗಲ್‌ನ ಜೆಮ್ಮಾ ಮಾದರಿಗಳು ಈ ದಾರಿ ಹಿಡಿದಿವೆ. ಆದರೆ ಅದರ ಬೆಲೆಯನ್ನು ಮೆಮೊರಿಯಲ್ಲೇ ತೆರಬೇಕು. 2025ರ ಆಗಸ್ಟ್‌ನಲ್ಲಿ ಬಂದ 27 ಕೋಟಿ ಪ್ಯಾರಾಮೀಟರ್‌ಗಳ ಪುಟ್ಟ ಜೆಮ್ಮಾದಲ್ಲಿ ಸುಮಾರು 17 ಕೋಟಿ ಬರಿಯ ಪದಕೋಶದ ಕೋಷ್ಟಕಕ್ಕೇ ಹೋಗುತ್ತವೆ, ಏಕೆಂದರೆ ಜಗತ್ತಿನ ನೂರಕ್ಕೂ ಹೆಚ್ಚು ಭಾಷೆಗಳಿಗಾಗಿ 2.6 ಲಕ್ಷ ಟೋಕನ್‌ಗಳಿಗೆ ತಲಾ 640 ಸಂಖ್ಯೆಗಳನ್ನು ಅದು ಹೊತ್ತಿರುತ್ತದೆ. ಕರ್ನಾಟಕದಲ್ಲಿ ಬಳಸುವ ಫೋನಿಗೆ ಅವುಗಳಲ್ಲಿ ಬಹುಪಾಲು ಬೇಡ. ಕನ್ನಡ ಮತ್ತು ಇಂಗ್ಲಿಷ್ ಎರಡಕ್ಕೇ ಸೇರಿ 30,000 ಟೋಕನ್‌ಗಳ ಪದಕೋಶವನ್ನು ಕಟ್ಟಿಕೊಂಡರೆ ಅದೇ ಕೋಷ್ಟಕ ಎರಡು ಕೋಟಿಯೊಳಗೆ ಮುಗಿಯುತ್ತದೆ. ಉಳಿದ ಹದಿನೈದು ಕೋಟಿ ಪ್ಯಾರಾಮೀಟರ್‌ಗಳ ಜಾಗವನ್ನು ಕನ್ನಡವನ್ನೇ ಚೆನ್ನಾಗಿ ಕಲಿಯುವುದಕ್ಕೆ ಮೀಸಲಿಡಬಹುದು. ಇಂಥ ಮಾದರಿಯನ್ನು ಕಟ್ಟಲು ಬೇಕಾದ ಮುಕ್ತ ತಂತ್ರಾಂಶಗಳು ಈಗಾಗಲೇ ಕೈಗೆಟಕುವಂತಿವೆ. ಅದಕ್ಕೆ ಉಣಿಸಬೇಕಾದ ಒಳ್ಳೆಯ ಕನ್ನಡ ಪಠ್ಯವನ್ನು ಒಟ್ಟುಗೂಡಿಸುವ ಕೆಲಸ ನಮ್ಮದು.