ಗಾಬರಿಯಾಗುವ ಮುಂಚೆ 39ನೇ ಚೌಕ ನೋಡಿ

"ವಾರದ ಐದೂ ದಿನ ಕಚೇರಿಗೆ ಬರಬೇಕಂತೆ. ರಾಜೀನಾಮೆ ಕೊಟ್ಟುಬಿಡಲಾ?"

2025ರ ಜನವರಿ ಕೊನೆಯ ವಾರದಲ್ಲಿ ನನಗೆ ಬಂದ ಎಷ್ಟೋ ಫೋನ್‌ಗಳು ಹೀಗೇ ಶುರುವಾಗುತ್ತಿದ್ದವು. ಅಮೆರಿಕದ ಫೆಡರಲ್ ಸರ್ಕಾರದ ನೌಕರರಿಗೆ ಸೇವಾ ನಿಯಮಗಳ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಅಳುತ್ತಾ ಮಾತಾಡಿದವರಿದ್ದರು, ಸಿಟ್ಟಿನಲ್ಲಿ ಮಾತಾಡಿದವರಿದ್ದರು. ಎಲ್ಲರಿಗೂ ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಕೊನೆಯ ಎಸ್‌ಎಫ್‌-50 ಕೈಯಲ್ಲಿದೆಯಾ? 39ನೇ ಚೌಕದಲ್ಲಿ ಯಾವ ಊರು ಬರೆದಿದೆ, ಓದಿ ಹೇಳಿ."

ಎಸ್‌ಎಫ್‌-50 ಅಂದರೆ ನೇಮಕ, ಬಡ್ತಿ, ಸಂಬಳದ ಬದಲಾವಣೆ ಆದಾಗಲೆಲ್ಲ ಬರುವ ಫಾರ್ಮ್. ಹೆಚ್ಚಿನವರು ಅದರಲ್ಲಿ ಸಂಬಳದ ಅಂಕಿ ನೋಡಿ ಮುಚ್ಚಿಡುತ್ತಾರೆ. 39ನೇ ಚೌಕದಲ್ಲಿರುವುದು ನಿಮ್ಮ ಡ್ಯೂಟಿ ಸ್ಟೇಷನ್, ಅಂದರೆ ಸರ್ಕಾರದ ಲೆಕ್ಕದಲ್ಲಿ ನೀವು ಕೆಲಸ ಮಾಡುವ ಊರು. ವಾಪಸ್ ಕರೆದಾಗ ನಿಮ್ಮ ಹಕ್ಕು ಏನು ಅನ್ನುವುದರ ಅರ್ಧ ಉತ್ತರ ಆ ಚೌಕದಲ್ಲೇ ಇದೆ.

ಆದೇಶದ ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷ ಟ್ರಂಪ್ ಒಂದು ಪುಟ್ಟ ಜ್ಞಾಪನಕ್ಕೆ ಸಹಿ ಹಾಕಿದರು. ರಿಮೋಟ್ ಕೆಲಸ, ಅಂದರೆ ಪೂರ್ತಿ ಮನೆಯಿಂದಲೇ ಮಾಡುವ ಕೆಲಸ ನಿಲ್ಲಿಸಿ, ಎಲ್ಲರನ್ನೂ ಪೂರ್ತಿ ಸಮಯ ಡ್ಯೂಟಿ ಸ್ಟೇಷನ್‌ಗೆ ಕರೆಸಿ ಎಂಬುದು ಅದರ ಸಾರ. ಅದೇ ವಾಕ್ಯದ ಕೊನೆಗೆ ಇನ್ನೊಂದು ಮಾತೂ ಇತ್ತು: ಇಲಾಖೆಯ ಮುಖ್ಯಸ್ಥರು ಅಗತ್ಯ ಕಂಡಲ್ಲಿ ವಿನಾಯಿತಿ ಕೊಡಬಹುದು. ಎರಡು ದಿನ ಬಿಟ್ಟು ಕೇಂದ್ರ ಸಿಬ್ಬಂದಿ ಕಚೇರಿ ಒಪಿಎಂ ಮಾರ್ಗಸೂಚಿ ಕೊಟ್ಟಿತು. ಅಂಗವೈಕಲ್ಯ, ತಕ್ಕ ವೈದ್ಯಕೀಯ ಕಾರಣ, ಇಲ್ಲವೇ ಇಲಾಖೆಯ ಮುಖ್ಯಸ್ಥರೂ ಮೇಲಧಿಕಾರಿಯೂ ಒಪ್ಪಿದ ಬಲವಾದ ಬೇರೆ ಕಾರಣ ಇದ್ದವರಿಗೆ ವಿನಾಯಿತಿ ಎಂದು ಅದರಲ್ಲಿತ್ತು. ಟಿವಿಯಲ್ಲಿ ಮೊದಲ ಭಾಗ ಜಾಸ್ತಿ ಕೇಳಿಸಿತು, ಎರಡನೆಯದು ಕೇಳಿಸಲಿಲ್ಲ.

ಸರ್ಕಾರಿ ನೌಕರರೆಲ್ಲ ಮನೆಯಲ್ಲೇ ಕೂತಿದ್ದರು ಅನ್ನುವ ಮಾತೂ ಸರಿಯಲ್ಲ. 2024ರ ಆಗಸ್ಟ್‌ನಲ್ಲಿ ಶ್ವೇತಭವನದ ಬಜೆಟ್ ಕಚೇರಿ ಸಂಸತ್ತಿಗೆ ಕೊಟ್ಟ ವರದಿ ನೋಡಿ. ಸುಮಾರು 22.8 ಲಕ್ಷ ನಾಗರಿಕ ನೌಕರರಲ್ಲಿ 54 ಶೇಕಡಾ ಜನರ ಕೆಲಸ ಮೊದಲಿನಿಂದಲೂ ಪೂರ್ತಿ ಸ್ಥಳದಲ್ಲೇ ನಡೆಯುವಂಥದ್ದು. ಆಸ್ಪತ್ರೆ, ಗಡಿ, ವಿಮಾನ ನಿಲ್ದಾಣ, ಉದ್ಯಾನ ಇವೆಲ್ಲ ಮನೆಯಿಂದ ನಡೆಯುವುದಿಲ್ಲ, ಅಲ್ವಾ? ಪೂರ್ತಿ ರಿಮೋಟ್ ಆಗಿದ್ದವರು 10 ಶೇಕಡಾ. ಉಳಿದ ಟೆಲಿವರ್ಕ್ ನೌಕರರೂ, ಅಂದರೆ ಕೆಲವು ದಿನ ಮನೆಯಿಂದ, ಕೆಲವು ದಿನ ಕಚೇರಿಯಿಂದ ಕೆಲಸ ಮಾಡುವವರೂ, ತಮ್ಮ ಕೆಲಸದ ಗಂಟೆಗಳಲ್ಲಿ ಸುಮಾರು 61 ಶೇಕಡಾ ಕಚೇರಿಯಲ್ಲೇ ಕಳೆಯುತ್ತಿದ್ದರು.

ಈಗ ಚೌಕದ ವಿಷಯಕ್ಕೆ ಬರೋಣ. ಟೆಲಿವರ್ಕ್ ಮತ್ತು ರಿಮೋಟ್ ಎರಡೂ ಒಂದೇ ಎಂದು ಜನ ಅಂದುಕೊಂಡಿದ್ದಾರೆ. ನಿಯಮದಲ್ಲಿ ಅವು ಬೇರೆ ಬೇರೆ. ಟೆಲಿವರ್ಕ್ ನೌಕರನ ಡ್ಯೂಟಿ ಸ್ಟೇಷನ್ ಕಚೇರಿಯೇ. ಎರಡು ವಾರದ ಒಂದೊಂದು ಸಂಬಳದ ಅವಧಿಯಲ್ಲಿ ಕನಿಷ್ಠ ಎರಡು ಸಲ ಅವನು ಅಲ್ಲಿಗೆ ಬರಬೇಕು. ರಿಮೋಟ್ ನೌಕರನ ಡ್ಯೂಟಿ ಸ್ಟೇಷನ್ ಅವನ ಮನೆ ಇರುವ ಊರು. ಹಾಗಾಗಿ ಟೆಲಿವರ್ಕ್ ನಿಲ್ಲಿಸಿದರೆ ನಿಮ್ಮ ಕೆಲಸದ ಊರು ಬದಲಾಗುವುದಿಲ್ಲ. ನೀವು ಮತ್ತೆ ಅಲ್ಲಿಗೆ ಹೋಗಬೇಕು, ಅಷ್ಟೆ. 2010ರ ಟೆಲಿವರ್ಕ್ ಕಾಯ್ದೆ ಇಲಾಖೆಗೆ ನೀತಿ ಮಾಡಿ ಎಂದು ಹೇಳುತ್ತದೆಯೇ ಹೊರತು ಮನೆಯಿಂದ ಕೆಲಸ ಮಾಡುವ ಹಕ್ಕನ್ನು ನಿಮಗೆ ಕೊಡುವುದಿಲ್ಲ. ರಿಮೋಟ್ ನಿಲ್ಲಿಸಿದರೆ ಮಾತ್ರ ಊರೇ ಬದಲಾಗುತ್ತದೆ. ಅಲ್ಲಿ ವರ್ಗಾವಣೆಯ ನಿಯಮಗಳು ಬರುತ್ತವೆ.

ಇಬ್ಬರ ಕಥೆ ಹೇಳುತ್ತೇನೆ, ಗುರುತು ಸಿಗದ ಹಾಗೆ.

ಒಬ್ಬಾಕೆ ಡೇಟಾ ವಿಶ್ಲೇಷಣೆ ಮಾಡುವವರು. 2022ರಲ್ಲಿ ರಿಮೋಟ್ ಹುದ್ದೆ ಎಂದೇ ಜಾಹೀರಾತು ನೋಡಿ ಸೇರಿದವರು. ಅವರ 39ನೇ ಚೌಕದಲ್ಲಿ ಅವರ ಪುಟ್ಟ ಊರಿನ ಹೆಸರೇ ಇತ್ತು. ಇಲಾಖೆಯ ಹತ್ತಿರದ ಕಚೇರಿಗೆ ಕಾರಿನಲ್ಲಿ ಐದು ಗಂಟೆಯ ದಾರಿ. ರಾಜೀನಾಮೆ ಪತ್ರ ಟೈಪ್ ಮಾಡಿಟ್ಟುಕೊಂಡೇ ನನಗೆ ಫೋನ್ ಮಾಡಿದ್ದರು. ಜನವರಿ 28ರ ಇಮೇಲ್ ಕೂಡ ಅವರನ್ನು ಹೆದರಿಸಿತ್ತು. ಈಗಲೇ ರಾಜೀನಾಮೆಗೆ ಒಪ್ಪಿದರೆ ಸೆಪ್ಟೆಂಬರ್ 30ರವರೆಗೆ ಸಂಬಳ ಕೊಡುತ್ತೇವೆ ಎಂದು ಬಂದ ಇಮೇಲ್ ಅದು. ಮೊದಲ ಸುತ್ತಿನಲ್ಲೇ ಸುಮಾರು 75,000 ಜನ ಒಪ್ಪಿಕೊಂಡರು.

ಅವರಿಗೆ ನಾನು ಹೇಳಿದ್ದು ಇಷ್ಟು. ದಿನಾ ಹೋಗಿಬರಲು ಆಗದಷ್ಟು ದೂರದ ಊರಿಗೆ ಸರ್ಕಾರ ವರ್ಗ ಮಾಡಿ, ನೀವು ಹೋಗಲಾರೆ ಎಂದು ಹೇಳಿ, ಅದೇ ಕಾರಣಕ್ಕೆ ನಿಮ್ಮನ್ನು ತೆಗೆದರೆ, ಅದನ್ನು ನಿಮ್ಮ ಇಚ್ಛೆಯಿಂದ ಬಿಟ್ಟ ಹಾಗೆ ಎಣಿಸುವುದಿಲ್ಲ. ಕನಿಷ್ಠ 12 ತಿಂಗಳು ಸತತ ಸೇವೆ ಆಗಿದ್ದು, ತಕ್ಷಣ ಪಿಂಚಣಿ ಸಿಗುವ ಸ್ಥಿತಿ ಇಲ್ಲದಿದ್ದರೆ ಪರಿಹಾರದ ಹಣ ಸಿಗಬಹುದು. 50 ವರ್ಷ ವಯಸ್ಸಾಗಿ 20 ವರ್ಷ ಸೇವೆ ಇದ್ದರೆ, ಇಲ್ಲವೇ ಯಾವ ವಯಸ್ಸಿನಲ್ಲಾದರೂ 25 ವರ್ಷ ಸೇವೆ ಇದ್ದರೆ, ಅವಧಿಗೆ ಮುಂಚೆಯೇ ಪಿಂಚಣಿಯ ದಾರಿ ತೆರೆಯುತ್ತದೆ. ಲಿಖಿತ ನೋಟಿಸ್ ಕೈಗೆ ಬರುವ ಮುಂಚೆಯೇ ನೀವಾಗಿ ರಾಜೀನಾಮೆ ಕೊಟ್ಟರೆ ಇದ್ಯಾವುದೂ ಇಲ್ಲ. ಒಂದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಕೆಲಸಕ್ಕೆ ಸೇರುವಾಗ ಎಲ್ಲಿಗೆ ಹಾಕಿದರೂ ಹೋಗುತ್ತೇನೆ ಎಂದು ಸಹಿ ಹಾಕಿದ್ದರೆ ಲೆಕ್ಕ ಬೇರೆಯಾಗುತ್ತದೆ. ಅವರು ಹಾಕಿರಲಿಲ್ಲ. ಪತ್ರ ಕಳಿಸದೆ ಕಾದರು.

ಇನ್ನೊಬ್ಬರು ನಡುವಯಸ್ಸಿನ ಅಧಿಕಾರಿ. 2020ರಲ್ಲಿ ಕೋವಿಡ್ ಬಂದಾಗ ಕಾಯಿಲೆಯ ತಂದೆಯನ್ನು ನೋಡಿಕೊಳ್ಳಲು ಬೇರೆ ರಾಜ್ಯಕ್ಕೆ ಹೋದವರು ಅಲ್ಲೇ ಉಳಿದರು. "ನಮ್ಮ ಬಾಸ್ ಪರವಾಗಿಲ್ಲ ಅಂದಿದ್ರು" ಎಂದರು. ಕಾಗದದಲ್ಲಿ ಏನಿದೆ ಎಂದು ಕೇಳಿದೆ. 39ನೇ ಚೌಕದಲ್ಲಿ ವಾಷಿಂಗ್ಟನ್ ಎಂದೇ ಇತ್ತು. ಅವರು ತಮ್ಮನ್ನು ರಿಮೋಟ್ ಎಂದುಕೊಂಡಿದ್ದರು, ಸರ್ಕಾರದ ಪ್ರಕಾರ ಅವರು ಟೆಲಿವರ್ಕ್. ವರ್ಗಾವಣೆಯ ಯಾವ ರಕ್ಷಣೆಯೂ ಅವರಿಗಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಸಂಬಳದ್ದು. ಮೂಲ ಸಂಬಳದ ಮೇಲೆ ಊರಿಗೆ ತಕ್ಕ ಭತ್ಯೆ ಸೇರುತ್ತದೆ. 2025ರಲ್ಲಿ ವಾಷಿಂಗ್ಟನ್ ಭಾಗಕ್ಕೆ ಅದು 33.94 ಶೇಕಡಾ. ಪ್ರತ್ಯೇಕ ದರ ಇಲ್ಲದ ಉಳಿದ ಜಾಗಗಳಿಗೆ 17.06 ಶೇಕಡಾ. ಕೋವಿಡ್ ಕಾಲದ ರಿಯಾಯಿತಿ ಮುಗಿದ ಮೇಲೆ, ಎರಡು ವಾರಕ್ಕೆ ಎರಡು ಸಲ ವಾಷಿಂಗ್ಟನ್‌ಗೆ ಬಾರದೆಯೂ ಅವರು ವಾಷಿಂಗ್ಟನ್ ದರ ತೆಗೆದುಕೊಂಡಿದ್ದರು. ಹೆಚ್ಚುವರಿ ಹಣವನ್ನು ಸರ್ಕಾರ ವಾಪಸ್ ಕೇಳಬಹುದು. ಮುಚ್ಚಿಡಬೇಡಿ, ವಕೀಲರ ಜೊತೆ ಕೂತು ಹಳೆಯ ಇಮೇಲ್‌ಗಳನ್ನೆಲ್ಲ ತೆಗೆಯಿರಿ ಎಂದೆ. ನೌಕರನ ತಪ್ಪಿಲ್ಲದೆ ಹೆಚ್ಚು ಸಂಬಳ ಬಂದಿದ್ದರೆ ಅದನ್ನು ಮನ್ನಾ ಮಾಡಿ ಎಂದು ಕೇಳಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ಮೇಲಧಿಕಾರಿ ಒಪ್ಪಿದ್ದರು ಎಂಬುದಕ್ಕೆ ಅವರ ಹತ್ತಿರ ಒಂದು ಸಾಲಿನ ಬರಹವೂ ಇರಲಿಲ್ಲ. ಒಳ್ಳೆಯ ಮನುಷ್ಯ, ಒಳ್ಳೆಯ ಕಾರಣಕ್ಕೆ ಊರು ಬಿಟ್ಟವರು. ಅವರ ಜೊತೆ ಮಾತಾಡಿ ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಇನ್ನು ಆರೋಗ್ಯದ ಕಾರಣ ಇರುವವರು. 1973ರ ರಿಹ್ಯಾಬಿಲಿಟೇಶನ್ ಕಾಯ್ದೆ ಈ ಆದೇಶದಿಂದ ಅಳಿಸಿಹೋಗಿಲ್ಲ. ಅಂಗವೈಕಲ್ಯ ಇರುವ ನೌಕರನಿಗೆ ಕೆಲಸ ಮಾಡಲು ಬೇಕಾದ ಅನುಕೂಲ ಕೊಡಬೇಕು, ಅದು ಕೆಲವರಿಗೆ ಮನೆಯಿಂದ ಕೆಲಸವೂ ಆಗಬಹುದು. ಆದರೆ ನನ್ನ ಬಳಿ ಬರುವ ಅರ್ಜಿಗಳಲ್ಲಿ ಅರ್ಧ ಸೋಲುವುದು ಒಂದೇ ಸಾಲಿನಿಂದ. ವೈದ್ಯರು ಬರೆದುಕೊಡುತ್ತಾರೆ: "ಇವರು ಮನೆಯಿಂದ ಕೆಲಸ ಮಾಡಿದರೆ ಒಳ್ಳೆಯದು." ಓದುವ ಅಧಿಕಾರಿಗೆ ಇದರಿಂದ ಏನೂ ತಿಳಿಯುವುದಿಲ್ಲ.

ಕರುಳಿನ ಕಾಯಿಲೆ ಇದ್ದ ಒಬ್ಬರ ಅರ್ಜಿಯನ್ನು ನಾವು ಹೀಗೆ ತಿದ್ದಿದೆವು. ಕಾಯಿಲೆ ಏರಿದ ದಿನ ನಲವತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಶೌಚಾಲಯದಿಂದ ದೂರ ಇರಲಾಗದು. ಮನೆಯಿಂದ ಕಚೇರಿಗೆ ರೈಲಿನಲ್ಲಿ ತೊಂಬತ್ತು ನಿಮಿಷ, ಆ ರೈಲಿನಲ್ಲಿ ಶೌಚಾಲಯ ಇಲ್ಲ. ತಿಂಗಳಿಗೆ ಐದಾರು ದಿನ ಹೀಗಾಗುತ್ತದೆ. ಆ ದಿನಗಳಲ್ಲಿ ಮನೆಯಿಂದ ಕೆಲಸ ಮಾಡಿದರೆ ಹುದ್ದೆಯ ಯಾವ ಮುಖ್ಯ ಕೆಲಸವೂ ನಿಲ್ಲುವುದಿಲ್ಲ. ಆರು ತಿಂಗಳ ನಂತರ ಮತ್ತೆ ಪರಿಶೀಲಿಸಬಹುದು. ಹೀಗೆ ಬರೆದಾಗ ಅಧಿಕಾರಿಯ ಮುಂದೆ ಒಬ್ಬ ಮನುಷ್ಯ, ಒಂದು ದಾರಿ, ಒಂದು ತೊಡಕು ಕಾಣುತ್ತದೆ. ಅರ್ಜಿ ಮಂಜೂರಾಯಿತು.

ಬಾಯಲ್ಲಿ ಕೇಳಿದರೂ ಅದು ಅರ್ಜಿಯೇ, ಕಾನೂನಿನ ದೊಡ್ಡ ಪದಗಳು ಬೇಕಿಲ್ಲ. ಆದರೂ ಅದೇ ದಿನ ಇಮೇಲ್‌ನಲ್ಲಿ ತಾರೀಖು ಹಾಕಿ ಬರೆದುಬಿಡಿ. ತೀರ್ಮಾನ ಆಗುವವರೆಗೆ ತಾತ್ಕಾಲಿಕ ವ್ಯವಸ್ಥೆ ಕೊಡಿ ಎಂದೂ ಕೇಳಿ. ನೀವು ಕೇಳಿದ್ದನ್ನೇ ಕೊಡಬೇಕೆಂದಿಲ್ಲ, ಕೆಲಸಕ್ಕೆ ಬರುವ ಬೇರೆ ಅನುಕೂಲ ಕೊಟ್ಟರೂ ಇಲಾಖೆಯ ಹೊಣೆ ತೀರುತ್ತದೆ. ನಿರಾಕರಿಸಿದರೆ 45 ದಿನದೊಳಗೆ ಇಲಾಖೆಯ ಸಮಾನ ಅವಕಾಶ ಸಲಹೆಗಾರರನ್ನು ಸಂಪರ್ಕಿಸಬೇಕು. ಈ ಗಡುವು ದಾಟಿ ಬಂದವರಿಗೆ ನಾನು ಹೆಚ್ಚು ಏನೂ ಮಾಡಲು ಆಗುವುದಿಲ್ಲ.

ಒಂದು ನೋವಿನ ವಿಷಯ ಇದೆ. ಈ ಕಾನೂನಿನ ಅನುಕೂಲ ನೌಕರನ ಸ್ವಂತ ಅಂಗವೈಕಲ್ಯಕ್ಕೆ ಮಾತ್ರ. ಮಗುವಿಗೆ, ಹೆಂಡತಿಗೆ, ವಯಸ್ಸಾದ ತಾಯಿಗೆ ಹುಷಾರಿಲ್ಲ ಎಂದು ಮನೆಯಿಂದ ಕೆಲಸ ಕೇಳಿದರೆ ಅದರಡಿ ಸಿಗುವುದಿಲ್ಲ. ಅಂಥವರಿಗೆ ಕುಟುಂಬ ರಜೆಯ ಕಾಯ್ದೆ ಇದೆ. 12 ತಿಂಗಳಲ್ಲಿ 12 ವಾರ, ಸಂಬಳವಿಲ್ಲದೆ. ಅದನ್ನು ಒಟ್ಟಿಗೇ ತೆಗೆದುಕೊಳ್ಳಬೇಕೆಂದಿಲ್ಲ. ಗಂಭೀರ ಕಾಯಿಲೆಗೆ ಬೇಕಾದಾಗ ಗಂಟೆಯ ಲೆಕ್ಕದಲ್ಲಿ ಬಿಡಿಬಿಡಿಯಾಗಿ ಬಳಸಬಹುದು.

ಕೆಲಸದ ಗಂಟೆಗಳ ಹೊಂದಾಣಿಕೆಯನ್ನೂ ಜನ ಮರೆಯುತ್ತಾರೆ. ಆ ಜ್ಞಾಪನ ಮಾತಾಡಿದ್ದು ಎಲ್ಲಿ ಕೆಲಸ ಮಾಡಬೇಕು ಎಂಬುದರ ಬಗ್ಗೆ. ಎರಡು ವಾರದ 80 ಗಂಟೆಯನ್ನು ಹತ್ತು ದಿನದ ಬದಲು ಒಂಬತ್ತು ದಿನದಲ್ಲಿ ಮುಗಿಸುವ ಪದ್ಧತಿ ಬೇರೆಯೇ ಕಾನೂನಿನದ್ದು. ನಿಮ್ಮ ಇಲಾಖೆಯಲ್ಲಿ ಇದೆಯಾ ಕೇಳಿ. ಬಸ್ಸು, ರೈಲಿನ ಖರ್ಚಿಗೂ ಸಹಾಯಧನ ಇದೆ, 2025ರಲ್ಲಿ ತಿಂಗಳಿಗೆ 325 ಡಾಲರ್‌ವರೆಗೆ. ಅರ್ಜಿ ಹಾಕದೆ ತಾನಾಗಿ ಬರುವುದಿಲ್ಲ.

ಕಚೇರಿ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಹಿರಿಯರ ಪಕ್ಕ ಕೂತು ಕಲಿಯುವುದು ಪರದೆಯ ಮೇಲೆ ಅಷ್ಟು ಚೆನ್ನಾಗಿ ನಡೆಯದು. ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಯಾರು ಯಾರ ಜೊತೆ ಕೂರಬೇಕು ಎಂದು ನೋಡದೆ ಎಲ್ಲರನ್ನೂ ಒಂದೇ ಅಳತೆಯಲ್ಲಿ ಕರೆದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಮೇಲಧಿಕಾರಿಗಳಲ್ಲಿ ನನ್ನ ವಿನಂತಿ, ನಿಮ್ಮ ಕೈಯಲ್ಲಿರುವಷ್ಟನ್ನಾದರೂ ಮಾಡಿ. ಬರುವವರಿಗೆ ಕುರ್ಚಿ ಇದೆಯಾ ಎಂದು ಬರುವ ಮುಂಚೆ ನೋಡಿ. ತಂಡವನ್ನು ಹತ್ತಿರ ಹತ್ತಿರ ಕೂರಿಸಿ. ವಿನಾಯಿತಿ ಕೇಳಿದವರನ್ನು ಸೋಮಾರಿಗಳ ಹಾಗೆ ನೋಡಬೇಡಿ.

ಆ ಡೇಟಾ ವಿಶ್ಲೇಷಕಿಗೆ ವಸಂತಕಾಲದಲ್ಲಿ ನೋಟಿಸ್ ಬಂತು. ಐದು ಗಂಟೆ ದೂರದ ಊರಿಗೆ ಹೋಗಬೇಕಾಗಲಿಲ್ಲ. ಮನೆಯಿಂದ ನಲವತ್ತು ಮೈಲಿಯಲ್ಲಿ ಇನ್ನೊಂದು ಇಲಾಖೆಯ ಕಟ್ಟಡದಲ್ಲಿ ಅವರಿಗೆ ಒಂದು ಮೇಜು ಕೊಟ್ಟರು. ಈಗ 39ನೇ ಚೌಕದಲ್ಲಿ ಆ ಊರಿನ ಹೆಸರಿದೆ. ಬೆಳಿಗ್ಗೆ ಆರಕ್ಕೆ ಮನೆ ಬಿಡುತ್ತಾರೆ. ಅವರ ತಂಡದವರು ನಾಲ್ಕು ರಾಜ್ಯಗಳಲ್ಲಿದ್ದಾರೆ, ಆ ಕಟ್ಟಡದಲ್ಲಿ ಒಬ್ಬರೂ ಇಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಅದೇ ವಿಡಿಯೋ ಸಭೆ. ಕೆಲಸ ಉಳಿಯಿತು, ಪಿಂಚಣಿಯ ಸೇವೆ ಮುಂದುವರಿಯಿತು ಎಂದು ಸಮಾಧಾನ ಹೇಳಿದೆ. "ಹೌದು, ಅದು ದೊಡ್ಡದೇ" ಎಂದರು. ಆಮೇಲೆ, ಒಂಬತ್ತು ದಿನದ ಪದ್ಧತಿಗೆ ಅರ್ಜಿ ಹೇಗೆ ಬರೆಯುವುದು ಎಂದು ಕೇಳಿದರು. ಇಬ್ಬರೂ ಕೂತು ಬರೆದೆವು.