ಮೊಳಕೆ ಬಂದ ಕೂಡಲೇ ಅಳಿಲು ಕಿತ್ತು ಹಾಕುತ್ತೆ, ಏನು ಮಾಡೋದು?

ಪ್ರಶ್ನೆ: ತಾರಸಿ ಮೇಲೆ ಕುಂಡಗಳಲ್ಲಿ ತರಕಾರಿ ಬೆಳೆಯುತ್ತೇನೆ. ಹುರುಳಿಕಾಯಿ, ಕುಂಬಳ, ಮುಸುಕಿನ ಜೋಳ, ಯಾವುದನ್ನು ಬಿತ್ತಿದರೂ ಮೊಳಕೆ ತಲೆಯೆತ್ತಿದ ಎರಡು ಮೂರು ದಿನಕ್ಕೆ ಅಳಿಲು ಕಿತ್ತು ಹಾಕುತ್ತದೆ. ಖಾರದ ಪುಡಿ ಚೆಲ್ಲಿದೆ, ಬೇವಿನ ಎಣ್ಣೆ ಸಿಂಪಡಿಸಿದೆ, ಹಳೆ ಸಿ.ಡಿ. ಕಟ್ಟಿ ನೋಡಿದೆ. ಯಾವುದಕ್ಕೂ ಜಗ್ಗುತ್ತಿಲ್ಲ. ಇಲಿ ಪಾಷಾಣ ಇಡೋಣವೆಂದರೆ ‘ರಾಮ ಬೆನ್ನು ಸವರಿದ ಪ್ರಾಣಿ, ಪಾಪ ಸುತ್ತಿಕೊಳ್ಳುತ್ತೆ’ ಅಂತ ಅತ್ತೆ ಬಿಡುತ್ತಿಲ್ಲ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಪಾಷಾಣದ ವಿಷಯದಲ್ಲಿ ಅತ್ತೆಯವರ ಮಾತೇ ನಡೆಯಲಿ, ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀವು ಬಿತ್ತಿದ್ದನ್ನು ಇನ್ನೊಮ್ಮೆ ನೋಡಿ. ಹುರುಳಿಕಾಯಿ, ಕುಂಬಳ, ಜೋಳ, ಮೂರೂ ದಪ್ಪ ಬೀಜದವು. ಅಳಿಲಿಗೆ ನಿಮ್ಮ ಸಸಿ ಬೇಕಿಲ್ಲ, ಸಸಿಗೆ ಅಂಟಿಕೊಂಡಿರುವ ಬೀಜ ಬೇಕು.

ಬೀಜವೆಂದರೆ ಎಳೆಗಿಡಕ್ಕೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ಬೇರು ಇಳಿದು, ಎಲೆ ಬಿಚ್ಚಿ, ತನ್ನ ಊಟ ತಾನೇ ಮಾಡಿಕೊಳ್ಳುವ ತನಕ ಸಸಿ ಅದನ್ನೇ ಉಂಡು ಬೆಳೆಯುತ್ತದೆ. ಹುರುಳಿಕಾಯಿ ಮೊಳೆತಾಗ ಬೀಜದ ಎರಡು ಬೇಳೆಗಳೂ ಮಣ್ಣಿನಿಂದ ಮೇಲೆದ್ದು ದಂಟಿನ ಎರಡು ಬದಿಗೆ ತೂಗುತ್ತವೆ. ಕುಂಬಳ, ಸೌತೆ, ಸೂರ್ಯಕಾಂತಿಯಲ್ಲೂ ಹೀಗೆಯೇ, ಬೀಜದೆಲೆ ಮೇಲೆಯೇ ಬರುತ್ತದೆ. ಅಳಿಲು ಅದನ್ನು ಕಚ್ಚಿ ತೆಗೆಯುವಾಗ ಕುಡಿಯೂ ಹೋಗುತ್ತದೆ. ಮುಸುಕಿನ ಜೋಳ, ಬಟಾಣಿ, ಕಡಲೆ, ತೊಗರಿಯ ಬೀಜ ಮಣ್ಣಿನೊಳಗೇ ಉಳಿಯುತ್ತದೆ. ಇಲ್ಲಿ ಅಳಿಲು ಬುಡ ಕೆದಕಿ, ಸಸಿಯನ್ನೇ ಹೊರಗೆಳೆದು, ಕಾಳು ತಿಂದು ಎಲೆಯನ್ನು ಬಿಸಾಡಿ ಹೋಗುತ್ತದೆ. ಬೆಳಿಗ್ಗೆ ಒಂಬತ್ತರ ಬಿಸಿಲಿಗೆ ಕುಂಡದ ಪಕ್ಕದಲ್ಲಿ ಬಾಡಿ ಬಿದ್ದ ಜೋಳದ ಸಸಿಯನ್ನು ಎತ್ತಿ ನೋಡಿ. ಎಲೆ ಇಡಿಯಾಗಿರುತ್ತದೆ, ಬೇರೂ ಇರುತ್ತದೆ, ನಡುವೆ ಕಾಳು ಇದ್ದ ಜಾಗದಲ್ಲಿ ಸಿಪ್ಪೆಯ ಚೂರು ಮಾತ್ರ.

ಇದರಲ್ಲೊಂದು ಅನುಕೂಲವೂ ಇದೆ. ಬೀಜದಲ್ಲಿದ್ದ ಹಿಟ್ಟು ಹೆಚ್ಚು ಕಮ್ಮಿ ಎರಡು ವಾರದಲ್ಲಿ ಮುಗಿಯುತ್ತದೆ. ಬೇಳೆ ಸುಕ್ಕಾಗಿ ಉದುರಿದ ಹುರುಳಿಕಾಯಿ ಗಿಡವನ್ನಾಗಲಿ, ಐದಾರು ಎಲೆಯಾದ ಜೋಳವನ್ನಾಗಲಿ ಅಳಿಲು ಅಷ್ಟಾಗಿ ಮುಟ್ಟುವುದಿಲ್ಲ. ಹಾಗಾಗಿ ನೀವು ವರ್ಷವಿಡೀ ಅದರ ಜೊತೆ ಗುದ್ದಾಡಬೇಕಿಲ್ಲ. ಬಿತ್ತಿದ ದಿನದಿಂದ ಮೂರು ವಾರ ಭದ್ರವಾಗಿ ಮುಚ್ಚಿಟ್ಟರೆ ಮುಕ್ಕಾಲು ತೊಂದರೆ ಕಳೆಯಿತು.

ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿಗಳೂ ಕಿತ್ತು ಬಿದ್ದಿದ್ದರೆ ಅದು ಬೇರೆ ಕಥೆ. ಅಷ್ಟು ಸಣ್ಣ ಬೀಜಕ್ಕೆ ಯಾರೂ ಬರುವುದಿಲ್ಲ. ಅಳಿಲು ಕುಂಡದೊಳಗೆ ಇನ್ನೇನನ್ನೋ ಹುಡುಕುತ್ತಿದೆ, ನಿಮ್ಮ ಸಸಿ ಅಡ್ಡ ಸಿಕ್ಕಿದೆ, ಅಷ್ಟೆ. ಆ ‘ಇನ್ನೇನೋ’ ಬಹುಪಾಲು ಸಲ ಕಡಲೆಕಾಯಿ ಹಿಂಡಿ. ಗೊಬ್ಬರವೆಂದು ನಾವು ಹಾಕುವುದು ಅದಕ್ಕೆ ತಿಂಡಿ. ಒಣ ಹಿಂಡಿಯನ್ನು ಮೇಲೆ ಉದುರಿಸಿದರಂತೂ ಕರೆದು ಬಡಿಸಿದ ಹಾಗೆಯೇ ಆಯಿತು. ಹಿಂಡಿ ಹಾಕಲೇಬೇಕೆಂದಿದ್ದರೆ ನಾಲ್ಕು ದಿನ ನೀರಲ್ಲಿ ಕೊಳೆಸಿ, ತಿಳಿಮಾಡಿ, ಆ ನೀರನ್ನು ಹಾಕಿ. ಇಲ್ಲವೇ ಬೇವಿನ ಹಿಂಡಿಗೆ ಬದಲಾಯಿಸಿ. ಕಹಿಯಾದ್ದರಿಂದ ಅದನ್ನು ತಿನ್ನಲು ಯಾರೂ ಬರುವುದಿಲ್ಲ. ಅಡುಗೆಮನೆಯ ಸಿಪ್ಪೆ ಪೂರ್ತಿ ಕೊಳೆಯದ ಕಾಂಪೋಸ್ಟ್ ಹಾಕಿದರೂ ಇದೇ ಪಾಡು. ಇನ್ನು ಪ್ಯಾರಪೆಟ್ ಮೇಲೆ ದಿನಾ ಬೆಳಿಗ್ಗೆ ಹಕ್ಕಿಗೆಂದು ಅಕ್ಕಿ, ಕಡಲೆಬೀಜ ಹಾಕುವ ಮನೆಯವರೇ ಅಳಿಲಿನ ಕಾಟವೆಂದು ಗೊಣಗುವುದನ್ನೂ ಕೇಳಿದ್ದೇನೆ. ಹಾಕಿ, ಬೇಡವೆನ್ನುವುದಿಲ್ಲ. ಕುಂಡದಿಂದ ದೂರದ ಮೂಲೆಗೆ ಹಾಕಿ.

ಮುಂದೆ ಹೋಗುವ ಮೊದಲು ಒಂದು ತನಿಖೆ. ಕಿತ್ತಿದ್ದು ಅಳಿಲೇ ಎಂದು ಖಾತ್ರಿಯಿದೆಯಾ? ಅಳಿಲು ಹಗಲು ಓಡಾಡುವ ಪ್ರಾಣಿ. ಕತ್ತಲಾದ ಮೇಲೆ ಗೂಡು ಬಿಟ್ಟು ಬರುವುದಿಲ್ಲ. ಸಂಜೆ ಆರೂವರೆ ಏಳಕ್ಕೆ ಸಸಿಗಳನ್ನು ಎಣಿಸಿ ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ಬೆಳಕು ಹರಿಯುವ ಮೊದಲೇ ಎದ್ದು ಮತ್ತೆ ನೋಡಿ. ರಾತ್ರಿಯೇ ಹಾನಿಯಾಗಿದ್ದರೆ ಅಳಿಲಿನದು ತಪ್ಪಿಲ್ಲ. ಮಣ್ಣಿನ ಮಟ್ಟಕ್ಕೆ ದಂಟು ಕತ್ತರಿಸಿ ಸಸಿ ಅಲ್ಲೇ ಮಲಗಿದ್ದರೆ ಕಾಂಡ ಕತ್ತರಿಸುವ ಹುಳು. ಬುಡದಲ್ಲಿ ಒಂದೆರಡು ಇಂಚು ಕೆದಕಿದರೆ ಬೂದು ಬಣ್ಣದ ಹುಳು ಸುರುಳಿ ಸುತ್ತಿಕೊಂಡಿರುತ್ತದೆ. ಹೊಳೆಯುವ ಲೋಳೆಯ ಗೆರೆ ಕಂಡರೆ ಬಸವನಹುಳು. ದೊಡ್ಡ ಗುಂಡಿ ತೋಡಿ ಮಣ್ಣನ್ನು ಕುಂಡದಾಚೆಗೆ ಎರಚಿದ್ದರೆ ಇಲಿ ಅಥವಾ ಹೆಗ್ಗಣ. ಅಳಿಲು ತೋಡುವುದು ಹೆಬ್ಬೆರಳು ಹಿಡಿಸುವಷ್ಟು ಸಣ್ಣ ಕುಳಿ, ಒಂದೇ ಕುಂಡದಲ್ಲಿ ನಾಲ್ಕೈದು ಕಡೆ. ಹಗಲಿನಲ್ಲೂ ಮೈನಾ, ಪಾರಿವಾಳ, ಕಾಗೆಗಳು ಸಸಿ ಕೀಳುತ್ತವೆ. ಮೆಂತ್ಯ, ಪಾಲಕ್ ಎಲೆಯನ್ನು ನಾರು ಬಿಟ್ಟು ಹರಿದು ತಿನ್ನುವವನು ಸಾಮಾನ್ಯವಾಗಿ ಪಿಕಳಾರ.

ಅಳಿಲೇ ಎಂದು ಖಚಿತವಾಯಿತಾ? ಹಾಗಾದರೆ ಜಾಲರಿ. ನನ್ನ ಮಟ್ಟಿಗೆ ಉತ್ತರ ಇದೊಂದೇ, ಉಳಿದದ್ದೆಲ್ಲ ಒಗ್ಗರಣೆ. ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆ ಬಹುಪಾಲು ಅಮೆರಿಕ, ಇಂಗ್ಲೆಂಡಿನ ಬೂದು ಅಳಿಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅದು ಅರ್ಧ ಕೆ.ಜಿ. ತೂಗುವ, ಚಳಿಗಾಲಕ್ಕೆಂದು ಕಾಯಿಗಳನ್ನು ಹೂತಿಡುವ ಪ್ರಾಣಿ. ನಮ್ಮ ಮೂರು ಪಟ್ಟೆಯ ಅಳಿಲು ಸುಮಾರು ನೂರು ಗ್ರಾಂ. ಒಂದಿಂಚು ಕಣ್ಣಿನ ಕೋಳಿ ಬಲೆಯೊಳಗೆ ಅದು, ಅದಕ್ಕಿಂತ ಹೆಚ್ಚಾಗಿ ಅದರ ಮರಿ, ನುಸುಳಿ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚು ಕಣ್ಣಿನ ಜಿ.ಐ. ವೆಲ್ಡ್ ಮೆಶ್ ಎಂದೇ ಕೇಳಿ. ನೈಲಾನ್ ಬಲೆ ಅಗ್ಗವೆಂದು ತರಬೇಡಿ. ಅಳಿಲಿನ ಮುಂಬಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಸವೆಸಲು ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ನೈಲಾನ್ ಅದಕ್ಕೆ ಲೆಕ್ಕಕ್ಕಿಲ್ಲ. ಸಡಿಲವಾಗಿ ಬಿಟ್ಟ ಬಲೆಗೆ ಸೂರಕ್ಕಿ, ಹಾವು ಸಿಕ್ಕಿಕೊಂಡು ಒದ್ದಾಡಿ ಸಾಯುವುದು ಇನ್ನೊಂದು ಪಾಡು.

ಬಾಯಿ 12 ಇಂಚಿರುವ ಕುಂಡಕ್ಕೆ 36 ಇಂಚು ಉದ್ದ, 12 ಇಂಚು ಅಗಲದ ಪಟ್ಟಿ ಕತ್ತರಿಸಿಕೊಳ್ಳಿ. ಉದ್ದವನ್ನು ಸುತ್ತಿ ಕೊಳವೆ ಮಾಡಿ, ಅಂಚುಗಳು ಒಂದಿಂಚು ಒಂದರ ಮೇಲೊಂದು ಬರುವಂತೆ ಕೂಡಿಸಿ, ಗಾರೆಯವರು ಸರಳು ಕಟ್ಟುವ ಬೈಂಡಿಂಗ್ ವೈರಿನಲ್ಲಿ ಮೂರು ಕಡೆ ಬಿಗಿಯಿರಿ. ಅದು ಕುಂಡದ ಅಂಚಿನೊಳಗೆ ಕೂರುತ್ತದೆ. ಎರಡು ಇಂಚು ಮಣ್ಣಿಗೆ ಇಳಿಸಿ. ಸುಮ್ಮನೆ ಮೇಲಿಟ್ಟರೆ ಅಳಿಲು ಬುಡ ಕೆದಕಿ ಒಳಗೆ ಬರುತ್ತದೆ. ಮೇಲ್ಗಡೆಗೆ ಇನ್ನೊಂದು ತುಂಡನ್ನು ಚೌಕವಾಗಿ ಕತ್ತರಿಸಿ, ಒಂದು ಬದಿಗೆ ಮಾತ್ರ ತಂತಿ ಕಟ್ಟಿದರೆ ಮುಚ್ಚಳದ ಹಾಗೆ ಎತ್ತಿ ಇಳಿಸಬಹುದು, ನೀರು ಹಾಕಲು, ಕಳೆ ತೆಗೆಯಲು ಸಲೀಸು. ಕತ್ತರಿಸಿದ ತಂತಿಯ ತುದಿಗಳು ಮುಳ್ಳಿಗಿಂತ ಕಡೆ. ಕಟಿಂಗ್ ಪ್ಲೇಯರಿನಲ್ಲಿ ಒಂದೊಂದನ್ನೂ ಮಡಚಿ, ಅವಸರ ಮಾಡಬೇಡಿ. ಒಮ್ಮೆ ಮಾಡಿಟ್ಟರೆ ಈ ಪಂಜರ ಕುಂಡದಿಂದ ಕುಂಡಕ್ಕೆ ವರ್ಷಗಟ್ಟಲೆ ಓಡಾಡಿಕೊಂಡಿರುತ್ತದೆ. ಹತ್ತು ಕುಂಡವಿದ್ದರೆ ಹತ್ತು ಪಂಜರ ಬೇಕೆಂದೇನಿಲ್ಲ, ಒಂದು ಸಲಕ್ಕೆ ಎಷ್ಟು ಕುಂಡ ಬಿತ್ತುತ್ತೀರೋ ಅಷ್ಟು ಸಾಕು.

ಇಷ್ಟಕ್ಕೆಲ್ಲ ಬಿಡುವಿಲ್ಲ ಎನ್ನುವವರು ತೂತಿನ ಪ್ಲಾಸ್ಟಿಕ್ ತರಕಾರಿ ಬುಟ್ಟಿಯನ್ನು ಮಗುಚಿ ಹಾಕಿ ಮೇಲೊಂದು ಇಟ್ಟಿಗೆ ಇಡಬಹುದು. ಹಳ್ಳಿಮನೆಯಲ್ಲಿ ಕೋಳಿ ಮುಚ್ಚುವ ಬಿದಿರು ಬುಟ್ಟಿಯಿದ್ದರೆ, ಅದರ ಕಣ್ಣು ಕಿರಿದಾಗಿದ್ದರೆ, ಅದೂ ಆಗುತ್ತದೆ. ತಳ ಕತ್ತರಿಸಿದ ಎರಡು ಲೀಟರ್ ನೀರಿನ ಬಾಟಲಿಯನ್ನು ಒಂಟಿ ಸಸಿಯ ಮೇಲೆ ಕವುಚಬಹುದು. ಆದರೆ ಮಾರ್ಚ್–ಏಪ್ರಿಲ್ ಬಿಸಿಲಿಗೆ ಮುಚ್ಚಳ ತೆಗೆಯದೆ ಬಿಟ್ಟರೆ ಒಳಗೆ ಸಸಿ ಬೆಂದುಹೋಗುತ್ತದೆ. ಇನ್ನೊಂದು ಉಪಾಯ, ಅಡಿಕೆ ಹಾಳೆಯ ದೊನ್ನೆಗೋ ಕಾಗದದ ಲೋಟಕ್ಕೋ ತಳದಲ್ಲಿ ತೂತು ಮಾಡಿ, ಬೀಜ ಹಾಕಿ, ಬಿಸಿಲು ಬೀಳುವ ಕಿಟಕಿಯೊಳಗೆ ಇಡುವುದು. ಕುಂಬಳ, ಹುರುಳಿಕಾಯಿಗಳು ಬೇರು ಅಲುಗಿದರೆ ಮುನಿಸಿಕೊಳ್ಳುವ ಜಾತಿ. ಹಾಗಾಗಿ ಮಣ್ಣಿನ ಗಟ್ಟಿ ಒಡೆಯದಂತೆ ಲೋಟ ಹರಿದು ಇಡಿಯಾಗಿ ಕುಂಡಕ್ಕೆ ಇಳಿಸಿ.

ನಾಟಿಯಾದ ದೊಡ್ಡ ಗಿಡಗಳ ಕುಂಡವನ್ನೂ ಕೆದಕುತ್ತಿದ್ದರೆ ಬುಡದ ಸುತ್ತ ಬರಿಮಣ್ಣು ಕಾಣದಂತೆ ಮಾಡಿ. ಒಡೆದ ಹೆಂಚಿನ ಚೂರು, ಕವುಚಿಟ್ಟ ತೆಂಗಿನ ಕರಟ, ಕೋಳಿಮೊಟ್ಟೆ ಗಾತ್ರದ ಕಲ್ಲು, ಯಾವುದಾದರೂ ಸರಿ. ತೆಂಗಿನ ನಾರು ಮಾತ್ರ ಹಾಸಬೇಡಿ. ಗೂಡು ಕಟ್ಟುವ ಅಳಿಲಿಗೆ ನಾರಿಗಿಂತ ದೊಡ್ಡ ಆಮಿಷ ಬೇರಿಲ್ಲ. ತೂಗುಬುಟ್ಟಿಗೆ ಹಾಸಿದ ಕತ್ತ, ಮನಿ ಪ್ಲಾಂಟ್ ಹಬ್ಬಿಸಿದ ನಾರಿನ ಕೋಲು, ನೆಲ ಒರೆಸುವ ಮಾಪಿನ ದಾರ, ಎಲ್ಲವನ್ನೂ ಮುಂಗೈಯಲ್ಲಿ ಹಿಂಜಿ, ಉಂಡೆ ಮಾಡಿ, ಮೀಸೆಯ ಹಾಗೆ ಬಾಯಿಯ ಎರಡು ಬದಿಗೂ ಚಾಚಿಕೊಂಡು ಓಡುತ್ತದೆ. ಅಂಥ ಸಮಯದಲ್ಲಿ ತಾರಸಿಯ ಇನ್ನೊಂದು ಮೂಲೆಗೆ ಒಂದು ಹಿಡಿ ನಾರು ಕಟ್ಟಿಟ್ಟರೆ ಕುಂಡದ ಕಡೆ ಬರುವುದು ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುತ್ತದೆಂದು ಹೇಳಲಾರೆ. ಬೇಸಿಗೆಯಲ್ಲಿ ಹನಿ ನೀರಾವರಿಯ ಸಣ್ಣ ಪೈಪು ಕಡಿಯುತ್ತಿದ್ದರೆ ಅದಕ್ಕೆ ಬಾಯಾರಿಕೆಯೂ ಒಂದು ಕಾರಣ. ಮಣ್ಣಿನ ತಟ್ಟೆಯಲ್ಲಿ ನೀರಿಡಿ, ಅದನ್ನೂ ಕುಂಡಗಳಿಂದ ದೂರ.

ಖಾರದ ಪುಡಿ ಏಕೆ ಕೈಕೊಟ್ಟಿತು? ತತ್ವದಲ್ಲಿ ಅದು ಸರಿಯಾದ ಮದ್ದೇ. ಮೆಣಸಿನ ಉರಿ ನಮ್ಮಂಥ ಸಸ್ತನಿಗಳಿಗೆ ತಗಲುತ್ತದೆ, ಹಕ್ಕಿಗಳಿಗೆ ತಗಲುವುದಿಲ್ಲ. ಗಿಳಿ ಹಸಿಮೆಣಸಿನಕಾಯಿಯನ್ನು ಆರಾಮಾಗಿ ಮೆಲ್ಲುವುದು ಅದಕ್ಕೇ. ಆದರೆ ಕುಂಡಕ್ಕೆ ದಿನಾ ನೀರು ಹಾಕುತ್ತೀರಿ, ಪುಡಿ ಇಳಿದುಹೋಗುತ್ತದೆ. ದಿನಾ ಚೆಲ್ಲುತ್ತ ಕೂತರೆ ಗಾಳಿಗೆ ಹಾರಿ ಕಣ್ಣಿಗೆ ಬೀಳುವುದು ನಿಮಗೆ, ಪಕ್ಕದ ಮನೆಯವರಿಗೆ. ಬೇವಿನ ಎಣ್ಣೆ ಕೀಟಕ್ಕೆ ಒಳ್ಳೆಯದು, ಅಳಿಲಿಗಲ್ಲ. ಸಿ.ಡಿ., ರಬ್ಬರ್ ಹಾವು, ಪ್ಲಾಸ್ಟಿಕ್ ಗೂಬೆಗಳಿಗೆ ಒಂದು ವಾರ ಹೆದರುತ್ತದೆ, ಆಮೇಲೆ ಗೂಬೆಯ ತಲೆಯ ಮೇಲೇ ಕೂತು ಚಿಕ್‌ಚಿಕ್ ಎನ್ನುತ್ತದೆ.

ಈಗ ಪಾಷಾಣ. ಇಲಿಗೆ ಇಡುವ ಜಿಂಕ್ ಫಾಸ್ಫೈಡಿಗೆ ಮನುಷ್ಯರಲ್ಲೂ ನಿರ್ದಿಷ್ಟ ಪ್ರತಿವಿಷವಿಲ್ಲ. ಮಕ್ಕಳು ಓಡಾಡುವ, ಅಡುಗೆಗೆ ಸೊಪ್ಪು ಕೀಳುವ ಜಾಗಕ್ಕೆ ಅದು ಬರಲೇಬಾರದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ಪಾಷಾಣ ತಿಂದು ಸತ್ತ ಪ್ರಾಣಿಯನ್ನು ಗೂಬೆ, ಹದ್ದು, ಬೆಕ್ಕು ತಿಂದರೆ ಅವಕ್ಕೂ ವಿಷವೇರುತ್ತದೆ. ಅಂಟಿನ ಹಲಗೆಗೆ ಸಿಕ್ಕಿದ ಅಳಿಲು ಗಂಟೆಗಟ್ಟಲೆ ಚರ್ಮ ಕಿತ್ತುಕೊಂಡು ನರಳುತ್ತದೆ. ಬೋನಿನಲ್ಲಿ ಹಿಡಿದು ದೂರ ಬಿಟ್ಟು ಬರುತ್ತೇವೆಂದು ಕೆಲವರು ಹೇಳುತ್ತಾರೆ. ಗೂಡಿನಲ್ಲಿ ಮರಿಗಳಿದ್ದರೆ ಅವು ಹಸಿದು ಸಾಯುತ್ತವೆ, ಖಾಲಿಯಾದ ಜಾಗಕ್ಕೆ ಪಕ್ಕದ ಮರದ ಅಳಿಲು ಬರುತ್ತದೆ. ನೀವು ಸಾಧಿಸಿದ್ದೇನು?

ಮುಂದೆ ಕಾಯಿ ಹಣ್ಣಿನ ಕಾಲಕ್ಕೆ ಇದೇ ಅಳಿಲು ಮತ್ತೆ ಬರುತ್ತದೆ. ಪುತ್ತೂರು, ಸುಳ್ಯದ ಕಡೆ ಅಡಿಕೆ ತೋಟದಲ್ಲಿ ಕೊಕ್ಕೊ ಬೆಳೆಯುವವರನ್ನು ಕೇಳಿ ನೋಡಿ. ಹಣ್ಣಾದ ಕೊಕ್ಕೊವನ್ನು ಕೊರೆದು, ಬೀಜದ ಮೇಲಿನ ಸಿಹಿ ಲೋಳೆ ತಿಂದು, ಬೀಜವನ್ನು ಕೆಳಗೆ ಉದುರಿಸಿ ಹೋಗುತ್ತದೆ. ಅವರು ಕಂಡುಕೊಂಡಿರುವ ದಾರಿಯೆಂದರೆ ಬಣ್ಣ ತಿರುಗಿದ ಕಾಯನ್ನು ಮರದಲ್ಲಿ ಬಿಡದೆ ಆಗಿಂದಾಗ್ಗೆ ಕೊಯ್ದುಬಿಡುವುದು. ತಾರಸಿಯ ಟೊಮೆಟೊಗೂ ಇದೇ ನ್ಯಾಯ. ತಳದಲ್ಲಿ ಚೂರು ಕೆಂಪು ಕಂಡ ದಿನವೇ ಕಿತ್ತು ಅಡುಗೆಮನೆಯ ಬುಟ್ಟಿಯಲ್ಲಿಡಿ, ಅಲ್ಲೇ ಚೆನ್ನಾಗಿ ಹಣ್ಣಾಗುತ್ತದೆ. ಸಪೋಟವನ್ನೂ ಬಲಿತ ಮೇಲೆ ಕಿತ್ತು ಹಣ್ಣು ಮಾಡಬಹುದು. ದಾಳಿಂಬೆ ಹಾಗಲ್ಲ, ಅದು ಗಿಡದಲ್ಲೇ ಹಣ್ಣಾಗಬೇಕು. ಬಟ್ಟೆ ಚೀಲ ಕಟ್ಟಿದರೆ ಅಳಿಲು ಹರಿಯುತ್ತದೆ, ಅದೇ ಜಾಲರಿಯ ತುಂಡನ್ನು ಕಾಯಿಗೆ ತಾಗದಂತೆ ಸುತ್ತಿ ಕಟ್ಟಿ.

ಈಗ ಕಿತ್ತು ಬಿದ್ದಿರುವ ಸಸಿಗಳನ್ನು ಎಲ್ಲವನ್ನೂ ಎಸೆಯಬೇಡಿ. ಹುರುಳಿಕಾಯಿಯ ಬೇಳೆ ಒಂದು ಹೋಗಿ ನಡುವಿನ ಕುಡಿ ಉಳಿದಿದ್ದರೆ ನಿಧಾನವಾಗಿಯಾದರೂ ಚೇತರಿಸಿಕೊಳ್ಳುತ್ತದೆ. ಜೋಳದ ಸಸಿಗೆ ಮೂರ್ನಾಲ್ಕು ಎಲೆಯಿದ್ದು ಬೇರು ಇನ್ನೂ ಹಸಿಯಾಗಿದ್ದರೆ, ಕಾಳು ಹೋಗಿದ್ದರೂ ಸರಿ, ತಕ್ಷಣ ನೆಟ್ಟು ನೀರು ಹಾಕಿ ಎರಡು ದಿನ ನೆರಳಲ್ಲಿಡಿ. ಕುಂಬಳದ ಬೀಜದೆಲೆಯ ಕೆಳಗೇ ದಂಟು ತುಂಡಾಗಿದ್ದರೆ ಮಾತ್ರ ಅದರಿಂದ ಇನ್ನು ಚಿಗುರಿಲ್ಲ. ಆ ಕುಂಡಕ್ಕೆ ಹೊಸ ಬೀಜ ಹಾಕಿ, ಪಂಜರವನ್ನು ಅವತ್ತೇ ಕೂರಿಸಿ. ಹೂ ಬಿಡುವ ಹೊತ್ತಿಗೆ ಅದನ್ನು ತೆಗೆದಿರಬೇಕು, ಇಲ್ಲವಾದರೆ ಜೇನು ಒಳಗೆ ಸಲೀಸಾಗಿ ಬಾರದೆ ಕುಂಬಳದ ಹೀಚು ಕೊಳೆತು ಉದುರುತ್ತದೆ.